ಡಿಸ್ಕು ರಿಪೇರಿ ಆಗೂದಿಲ್ಲ, ಗುರುಜಿ

ಸೋಲಾಪುರದ ಒಂದು ಕಂಪ್ಯೂಟರ್ ದುರಸ್ತಿ ಅಂಗಡಿ. ಮಾತಾಡುವವರು ಇಬ್ಬರು. ಒಬ್ಬರು ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಆ ಕಡೆ ಮೇಷ್ಟ್ರಿಗೆ ಗುರುಜಿ ಎನ್ನುತ್ತಾರೆ. ಇನ್ನೊಬ್ಬ ಅಂಗಡಿಯವ, ಮನೆಯಲ್ಲಿ ಕನ್ನಡ, ಗಿರಾಕಿಗಳ ಜೊತೆ ಮರಾಠಿ, ಪಕ್ಕದ ಅಂಗಡಿಯವನ ಜೊತೆ ತೆಲುಗು.

ಗುರುಜಿ: ಈ ಡಬ್ಬಿ ನೋಡು ತಮ್ಮಾ. ಒಂದು ಟಿಬಿ ಹಾರ್ಡ್ ಡಿಸ್ಕ್. ತಗೊಂಡು ಹತ್ತು ವರ್ಷ ಆಗಿರಬೇಕು. ಈಗ ಫೋಲ್ಡರ್ ತಗದ್ರ ಹಸಿರು ಪಟ್ಟಿ ಮೆಲ್ಲಕ ಹೋಗಿ ಅಲ್ಲೇ ನಿಂದರ್ತದ. ಕಾಪಿ ಮಾಡ್ಲಾಕ ಹಚ್ಚಿದ್ರ ಅರ್ಧಕ್ಕ ಬಂದಾಗ್ತದ. ಜರಾ ರಿಪೇರಿ ಮಾಡಿಕೊಡು.

ಅಂಗಡಿಯವ: ಎಷ್ಟು ಸಲ ಹಚ್ಚಿ ನೋಡಿದ್ರಿ?

ಗುರುಜಿ: ಲೆಕ್ಕ ಯಾರು ಇಡ್ತಾರ? ಒಮ್ಮೆ ತಗೀತದ, ಒಮ್ಮೆ ತಗಿಯೂದಿಲ್ಲ. ತಗದಾಗ ಹಾಡು ಎಲ್ಲಾ ಅದಾವೋ ಇಲ್ಲೋ ಅಂತ ಒಂದೊಂದೇ ಕೇಳಿ ನೋಡ್ತೀನಿ.

ಅಂಗಡಿಯವ: ಇನ್ನ ಮ್ಯಾಲ ಕೇಳಬ್ಯಾಡ್ರಿ. ಇದಕ್ಕ ವಾಯರ್ ಸುದ್ಧಾ ಹಚ್ಚಬ್ಯಾಡ್ರಿ. ಕೆಡ್ಲಾಕತ್ತಿದ ಡಿಸ್ಕ್ ಇನ್ನೆಷ್ಟು ತಾಸು ತಿರಗ್ತದಂತ ಮಾಡಿದ ಕಂಪನಿಗೂ ಗೊತ್ತಿರೂದಿಲ್ಲ. ಉಳಿದ ಆ ತಾಸು ‘ಅದಾವೇನು’ ಅಂತ ನೋಡೂದ್ರಾಗೇ ಖರ್ಚಾದ್ರ, ಹೊರಗ ತಗಿಯೂ ಹೊತ್ತಿಗೆ ಏನೂ ಉಳಿಯೂದಿಲ್ಲ.

ಗುರುಜಿ: ನಾ ರಿಪೇರಿ ಮಾಡಂದ್ರ ನೀ ಮುಟ್ಟಬ್ಯಾಡಂತಿ.

ಅಂಗಡಿಯವ: ಡಿಸ್ಕು ರಿಪೇರಿ ಆಗೂದಿಲ್ರಿ ಗುರುಜಿ. ಪಂಖಾ ಆಗ್ತದ, ಮಿಕ್ಸರ್ ಆಗ್ತದ, ಇದು ಆಗೂದಿಲ್ಲ. ಒಳಗಿನ ಮಾಲು ಹೊರಗ ತಗಿಯೂದು, ಅಷ್ಟೇ ಕೆಲಸ. ತಗದ ಮ್ಯಾಲ ಈ ಡಬ್ಬಿ ಭಂಗಾರ. ಇದನ್ನ ಗಿರಾಕಿಗೆ ತಿಳಿಸೂದ್ರಾಗೇ ನನ್ನ ಅರ್ಧ ದಿನ ಹೋಗ್ತದ. ಇರಲಿ, ಒಳಗೇನದ?

ಗುರುಜಿ: ಡೊಳ್ಳಿನ ಪದ, ಬೀಸೂ ಪದ, ಮೊಹರಮ್ಮಿನ ರಿವಾಯತ ಪದ. ತಾಲೂಕಿನ ಹಳ್ಳಿ ಹಳ್ಳಿ ತಿರುಗಿ ಧ್ವನಿಮುದ್ರಣ ಮಾಡಿದ್ದು. ಮೊದಲ ಕ್ಯಾಸೆಟ್ಟಿನ್ಯಾಗ, ಆಮ್ಯಾಲ ಸಣ್ಣ ರೆಕಾರ್ಡರಿನ್ಯಾಗ, ಕಡೀಕ ಮೊಬೈಲಿನ್ಯಾಗ. ಹಾಡಿದವ್ರಾಗ ಭಾಳ ಮಂದಿ ಈಗಿಲ್ಲ. ಪದಗಳನ್ನ ‘ನುಡಿ’ ಸಾಫ್ಟ್‌ವೇರಿನೊಳಗ ಟೈಪ್ ಮಾಡಿ ಇಟ್ಟೀನಿ. ಒಂದಿಷ್ಟು ಫೋಟೋ.

ಅಂಗಡಿಯವ: ಇನ್ನೊಂದು ಪ್ರತಿ ಎಲ್ಲದ?

ಗುರುಜಿ: ಇನ್ನೊಂದ್ಯಾಕ? ಕಂಪ್ಯೂಟರ್ ಕೆಡ್ತದ, ಬ್ಯಾಕಪ್ ಇಡ್ರಿ ಅಂತ ಮಗನೇ ಹೇಳಿ ಇದನ್ನ ಕೊಡಿಸಿದ. ಎಲ್ಲಾ ಇದರಾಗ ಹಾಕಿ ಕಂಪ್ಯೂಟರಿನ್ಯಾಗಿಂದು ಅಳಸಿ ಜಾಗಾ ಮಾಡಿಕೊಂಡೆ.

ಅಂಗಡಿಯವ: ಹತ್ತು ಮಂದ್ಯಾಗ ಎಂಟು ಮಂದಿ ಹಿಂಗೇ ಮಾಡಿಕೊಂಡು ಬರ್ತಾರ. ಬ್ಯಾಕಪ್ ಡಿಸ್ಕ್ ಅಂತ ತರೂದು, ಮೂಲ ಅಳಸೂದು. ಹೆಸರಷ್ಟೇ ಬ್ಯಾಕಪ್. ಇದು ಕೆಳಗ ಬಿದ್ದಿತ್ತೇನು?

ಗುರುಜಿ: ಒಮ್ಮೆ ಬಿತ್ತು. ವಾಯರ್ ಮೊಮ್ಮಗನ ಕಾಲಿಗೆ ಸಿಕ್ಕು ಮೇಜಿನ ಮ್ಯಾಲಿಂದ ಫರಶೀ ಮ್ಯಾಲ. ಆದ್ರ ಎತ್ತಿ ಹಚ್ಚಿದ್ರ ಮೊದಲಿನಂಗೇ ನಡೀತು. ಈಗಿನ ಕಾರಣ ಬಿಸಲು ಅಂತೀನಿ ನಾ. ಮೇ ತಿಂಗಳಿನ್ಯಾಗ ನಲವತ್ನಾಕು ಡಿಗ್ರಿ. ಮನಷ್ಯಾರೇ ಹೈರಾಣ ಆಗ್ತಾರ, ಯಂತ್ರ ತಡೀತದೇನು?

ಅಂಗಡಿಯವ: ಬಿದ್ದಾಗ ತಿರುಗ್ತಿತ್ತೇನು?

ಗುರುಜಿ: ಹೌದು, ಹಾಡು ಕೇಳ್ಕೋತ ಕೂತಿದ್ವಿ.

ಅಂಗಡಿಯವ: ಹಂಗಾದ್ರ ಬಿಸಲಿನ ಮ್ಯಾಲ ಹಾಕಬ್ಯಾಡ್ರಿ. 2007ರಾಗ ಗೂಗಲ್ಲಿನ ಮೂರು ಮಂದಿ ತಮ್ಮಲ್ಲಿದ್ದ ಲಕ್ಷಕ್ಕೂ ಹೆಚ್ಚು ಡಿಸ್ಕಿನ ಲೆಕ್ಕ ಮುಂದಿಟ್ಟರು. ಕಾವು ಹೆಚ್ಚಾದಂಗ ಡಿಸ್ಕ್ ಹೆಚ್ಚು ಸಾಯ್ತಾವ ಅಂತ ಎಲ್ಲಾರೂ ನಂಬಿದ್ರು. ಲೆಕ್ಕ ಹಂಗ ಬರ್ಲಿಲ್ಲ. ಭಾಳ ಕಾವಿನ್ಯಾಗ, ಅದೂ ವಯಸ್ಸಾದ ಡಿಸ್ಕಿಗೆ ಮಾತ್ರ ಫರಕ್ ಕಾಣ್ತು. ಖರೆ, ಅವ್ರ ಡಿಸ್ಕ್ ಇದ್ದದ್ದು ಥಂಡಿ ಖೋಲ್ಯಾಗ, ನಮ್ಮ ಪತ್ರಾಸಿನ ಮನ್ಯಾಗ ಅಲ್ಲ. ಆದ್ರೂ ನನ್ನ ಟೇಬಲ್ಲಿಗೆ ಬರೂವು ಬಿಸಲಿಗಿಂತ ಬಿದ್ದು ಕೆಟ್ಟವೇ ಜಾಸ್ತಿ. ಅದೇ ಲೆಕ್ಕದಾಗ ಇನ್ನೊಂದು ಮಾತದ, ಅದು ನಿಮಗ ಬೇಕಾದ್ದು. ಡಿಸ್ಕ್ ತನ್ನ ಮೈ ತಾನೇ ತಪಾಸ ಮಾಡಿಕೊಂಡಾಗ ಪೈಲಾ ತಪ್ಪು ಸಿಕ್ಕಿತು ಅನ್ರಿ. ಅಲ್ಲಿಂದ 60 ದಿನದೊಳಗ ಅದು ಸಾಯೂ ಸಂಭವ, ತಪ್ಪು ಇಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ.

ಗುರುಜಿ: ಬಿದ್ದ ಮ್ಯಾಲ ಎರಡು ವರ್ಷ ನಡದದಲ್ಲೋ.

ಅಂಗಡಿಯವ: ಇದನ್ನ ನೋಡ್ರಿ. ಇದು ಬ್ಯಾರೆ ಗಿರಾಕಿದು, ಸತ್ತದ್ದು. ಮುಚ್ಚಳ ತಗದಿಟ್ಟೀನಿ, ಮಂದಿಗೆ ತೋರಸ್ಲಾಕ. ಈ ಬಿಲ್ಲಿ ಕನ್ನಡಿಯಂಗ ಹೊಳೀತದಲ್ಲ, ಇದಕ್ಕ ಪ್ಲ್ಯಾಟರ್ ಅಂತಾರ. ಕಾಜು ಇಲ್ಲಾ ಅಲ್ಯೂಮಿನಿಯಂ, ಮ್ಯಾಲ ಅಯಸ್ಕಾಂತದ ತೆಳು ಲೇಪ. ನಿಮ್ಮಂಥಾ ಸಣ್ಣ ಡಿಸ್ಕಿನ್ಯಾಗ ಇದು ನಿಮಿಷಕ್ಕ 5400 ಸುತ್ತು ತಿರಗ್ತದ, ಅಂದ್ರ ಸೆಕೆಂಡಿಗೆ 90. ಅಂಚಿನ ವೇಗ ಲೆಕ್ಕ ಹಾಕಿದ್ರ ತಾಸಿಗೆ 65 ಕಿಲೋಮೀಟರ್, ನೀವು ಕೂತು ಬಂದ ಅಕ್ಕಲಕೋಟ ಎಸ್‌ಟಿ ಬಸ್ಸಿನಷ್ಟು. ಈ ತೋಳಿನ ತುದಿ ನೋಡ್ರಿ, ಅಲ್ಲಿರೂ ಎಳ್ಳಿಗಿಂತ ಸಣ್ಣ ತುಣುಕು ಹೆಡ್ಡು. ಓದೂದೂ ಅದೇ, ಬರಿಯೂದೂ ಅದೇ. ಅದು ಬಿಲ್ಲಿಗೆ ಹತ್ತೂದಿಲ್ಲ, ಗಾಳಿ ಮ್ಯಾಲ ತೇಲ್ತದ. ನಡುವಿನ ಸಂದು ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲು ಎಂಬತ್ತು ಸಾವಿರ ನ್ಯಾನೋಮೀಟರ್ ದಪ್ಪ ಇರ್ತದ.

ಗುರುಜಿ: ಈ ಗೆರಿ ಏನು? ಸುತ್ತಲೂ ಬಂದದ.

ಅಂಗಡಿಯವ: ಅದೇ ತೋರಸ್ಲಾಕ ತಗದದ್ದು. ಹೆಡ್ಡು ಬಿಲ್ಲಿಗೆ ಹತ್ತಿ ಕೆರದದ. ಇಲ್ಲಿ ಹೊಳಪು ಹೋಗಿ ಬೂದಿ ಬಣ್ಣ ಆಗ್ಯದ ನೋಡ್ರಿ. ಮೂಲ್ಯಾಗ ಈ ಬಿಳೇ ಫಿಲ್ಟರ್ ಅದ, ಇದರ ಮ್ಯಾಲ ಕರೇ ಹುಡಿ ಕೂತದ. ಬೆರಳಿಗೆ ಹತ್ತಿತು? ಅದು ಒಂದು ಮದುವಿ ಫೋಟೋ, ಇಬ್ಬರು ಹುಡುಗ್ರ ಜನ್ಮದಿನದ ವಿಡಿಯೋ. ಲೇಪನೇ ಉದುರಿದ ಮ್ಯಾಲ ಯಾವ ಲ್ಯಾಬಿನವ್ರೂ ಅದನ್ನ ತಿರುಗಿ ಹಚ್ಚೂದಿಲ್ಲ. ನಿಮ್ಮದು ಬಿದ್ದಾಗ ಹೆಡ್ಡು ಒಮ್ಮೆ ಬಡದಿರಬೇಕು, ಒಂದು ಕಣ ಎದ್ದಿರಬೇಕು. ಆ ಕಣ ಒಳಗೇ ಅಡ್ಡಾಡಿ ಇನ್ನೊಂದು ಕಡೆ ಕೆರೀತದ. ಇಂಥಾವು ಬಿದ್ದ ದಿನ ಸಾಯೂದಿಲ್ಲ, ತಿಂಗಳಗಟ್ಲೆ ಎಳೀತಾವ.

ಗುರುಜಿ: ಕರೆಂಟ್ ಹೋಗಿ ಬರೂದ್ರಿಂದ ಹಿಂಗ ಆಗೂದಿಲ್ಲೇನು? ನಮ್ಮೂರಾಗ ದಿನಕ್ಕ ನಾಕು ಸಲ ಹೋಗ್ತದ.

ಅಂಗಡಿಯವ: ಕೆರಿಯೂದು ಅದರಿಂದ ಕಮ್ಮಿ. ಕರೆಂಟ್ ತಟ್ಟನೆ ಹೋದ್ರೂ ಬಿಲ್ಲಿ ಆ ವೇಗದಾಗ ಇನ್ನೊಂದು ಚೂರು ತಿರಗ್ತಿರ್ತದಲ್ಲ, ಆ ತಿರುಗೂದ್ರಿಂದೇ ಮೋಟಾರು ವಿದ್ಯುತ್ ಹುಟ್ಟಿಸಿ ಹೆಡ್ಡನ್ನ ಎಳದು ಅದರ ಜಾಗಾಕ್ಕ ಕೂಡಸ್ತದ. ಭಾಳ ಶಾಣ್ಯಾ ವ್ಯವಸ್ಥಾ. ಆದ್ರ ಬರಿಯೂ ಹೊತ್ತಿನ್ಯಾಗ ಕರೆಂಟ್ ಹೋದ್ರ ಬರವಣಿಗಿ ಅರ್ಧಕ್ಕ ನಿಂದರ್ತದ, ಫೈಲ್ ಹಾಳಾಗ್ತದ. ಅದು ಬ್ಯಾರೆ ರೋಗ, ಅದಕ್ಕ ಔಷಧ ಅದ. ಈಗ ನಿಮ್ಮ ಡಿಸ್ಕ್ ಒಮ್ಮೆ ಹಚ್ತೀನಿ, ಅದರ ಆರೋಗ್ಯದ ಪಟ್ಟಿ ನೋಡ್ಲಾಕ ಅಷ್ಟೇ. ಫೋಲ್ಡರ್ ತಗಿಯೂದಿಲ್ಲ. ಸಪ್ಪಳ ಕೇಳ್ರಿ. ಟಿಕ್, ಟಿಕ್ ಅಂತ ಒಂದೇ ಸವನ ಹೊಡದ್ರ ತಕ್ಷಣ ಕಿತ್ತಬೇಕು. ಹೆಡ್ಡಿಗೆ ತಾ ಎಲ್ಲಿದ್ದೀನಿ ಅಂತ ತಿಳೀಲಾರದಕ್ಕ ಹೋಗೂದು, ತಿರುಗಿ ಬರೂದು ಮಾಡ್ತಿರ್ತದ. ಇದು ಹೊಡೀವಲ್ದು, ನಡು ನಡುವ ತಡಕೊಂಡು ಓದ್ಲಾಕತ್ತದ. ಪುಣ್ಯಾ. ಪಟ್ಟಿ ಬಂತು ನೋಡ್ರಿ, ಹಳದಿ ಬಣ್ಣ.

ಗುರುಜಿ: ಹಳದಿ ಅಂದ್ರ?

ಅಂಗಡಿಯವ: ಎಚ್ಚರಿಕಿ. ಹೊಸಾ ಡಿಸ್ಕ್ ಎಲ್ಲಾದ್ರಾಗೂ ಸ್ಮಾರ್ಟ್ ಅಂತ ಒಂದು ಲೆಕ್ಕದ ಪುಸ್ತಕ ಇರ್ತದ, ತನಗಾದ ಪೆಟ್ಟು ತಾನೇ ಬರಕೊಂತದ. ಈ ಸಾಲು, ಕೆಟ್ಟ ಜಾಗಾ ಬಿಟ್ಟು ಬದಲಿ ಜಾಗಾ ಕೊಟ್ಟದ್ದು ಎಷ್ಟು ಅಂತ. ಇದರ ಕೆಳಗಿಂದು, ಓದ್ಲಾಕ ಬರ್ಲಾರದೆ ‘ನೋಡೂಣು’ ಅಂತ ಬಾಕಿ ಇಟ್ಟದ್ದು. ನಿಮ್ಮದ್ರಾಗ ಬಾಕಿನೇ ಸಾವಿರದ ಮ್ಯಾಲದ. ಆದ್ರ ಪಟ್ಟಿ ನೀಲಿ ಇದ್ರ ನಿಶ್ಚಿಂತಿ ಅನ್ನಬ್ಯಾಡ್ರಿ. ಗೂಗಲ್ಲಿನವ್ರು ನೋಡಿದಂಗ, ಸತ್ತ ಡಿಸ್ಕಿನ್ಯಾಗ ಮೂರನೇ ಒಂದು ಪಾಲಿಗಿಂತ ಜಾಸ್ತಿ ಯಾವ ಸೂಚನಾನೂ ಕೊಡದೇ ಸತ್ತಿದ್ದು. ಕಿತ್ತಿದೆ ನೋಡ್ರಿ, ಸಾಕು.

ಗುರುಜಿ: ನಿನ್ನೆ ಕಂಪ್ಯೂಟರ್ ತಾನೇ ಕೇಳ್ತು, ಈ ಡಿಸ್ಕಿನ್ಯಾಗ ತೊಂದರಿ ಅದ, ತಪಾಸ ಮಾಡಿ ಸರಿ ಮಾಡ್ಲೇನು ಅಂತ. ಹೂಂ ಅನ್ನೂದ್ರಾಗಿದ್ದೆ, ಕರೆಂಟ್ ಹೋತು.

ಅಂಗಡಿಯವ: ಕರೆಂಟ್ ಕಂಪನಿ ಮಹಾವಿತರಣದವ್ರು ಒಮ್ಮೆನಾದ್ರೂ ಉಪಕಾರ ಮಾಡ್ಯಾರ! ಅದಕ್ಕ ಹೂಂ ಅನಬಾರದು ಗುರುಜಿ. ಅದು ಡಿಸ್ಕ್ ಸರಿ ಮಾಡೂದಿಲ್ಲ, ಫೈಲಿನ ಲೆಕ್ಕ ಸರಿ ಮಾಡ್ತದ. ಲೆಕ್ಕ ಕೂಡೂದಿಲ್ಲ ಅಂದ್ರ ಆ ಫೈಲಿನ ಹೆಸರೇ ಹೊಡದು ಹಾಕ್ತದ. ಮ್ಯಾಲ ಮೂಲೆ ಮೂಲೆ ಓದಸ್ತದ, ಬರಸ್ತದ, ಜಡ್ಡಾದವನ ಕೈಲಿ ಗೋಣಿ ಹೊರಿಸ್ತದ. ‘ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳಿದ್ರೂ ಬ್ಯಾಡ ಅನ್ರಿ. ಇಂಟರ್‌ನೆಟ್ಟಿನ್ಯಾಗಿಂದ ಯಾವುದರೇ ರಿಕವರಿ ಸಾಫ್ಟ್‌ವೇರ್ ಇಳಿಸಿ ಇದೇ ಡಿಸ್ಕಿಗೆ ಹಾಕೂ ಶಾಣ್ಯಾರು ಅದಾರ; ಕಳಕೊಂಡದ್ದರ ಮ್ಯಾಲೇ ಅದು ಹೋಗಿ ಕೂಡ್ತದ. ಇನ್ನೊಬ್ಬ ಗಿರಾಕಿ ಡಿಸ್ಕನ್ನ ಫ್ರಿಜ್ಜಿನ್ಯಾಗ ಇಟ್ಟು ತಂದಿದ್ದ.

ಗುರುಜಿ: ಫ್ರಿಜ್ಜಿನ್ಯಾಗ?

ಅಂಗಡಿಯವ: ಹಳೇ ಕಾಲದ ಡಿಸ್ಕಿಗೆ ಯಾರೋ ಮಾಡಿದ್ರಂತ, ಆ ಸುದ್ದಿ ಇನ್ನೂ ಸತ್ತಿಲ್ಲ. ಹೊರಗ ತಗದ ಕೂಡಲೇ ಬಿಲ್ಲಿ ಮ್ಯಾಲ ಬೆವರು ಹನಿ ಕೂಡ್ತದ. ನ್ಯಾನೋಮೀಟರ್ ಸಂದಿನ್ಯಾಗ ನೀರು ಬಂದ ಮ್ಯಾಲ ಏನು ಉಳೀತದ? ಬಡಿಯೂದೂ ಬ್ಯಾಡ, ಮುಚ್ಚಳ ತಗಿಯೂದೂ ಬ್ಯಾಡ. ಸೋಲಾಪುರದ ಧೂಳಿನ್ಯಾಗ ಮುಚ್ಚಳ ತಗದ ಡಿಸ್ಕ್ ಮುಗೀತು. ನಾನೇ ತಗಿಯೂದಿಲ್ಲ.

ಗುರುಜಿ: ಮತ್ತ ನೀ ಏನು ಮಾಡ್ತಿ?

ಅಂಗಡಿಯವ: ಇದಕ್ಕಿಂತ ದೊಡ್ಡ ಹೊಸಾ ಡಿಸ್ಕ್ ತಗೋತೀನಿ. ಲಿನಕ್ಸಿನ್ಯಾಗ ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಮ್ ಅದ, ಫುಕಟ್. ಅದು ಫೈಲು, ಫೋಲ್ಡರು ಅಂತ ನೋಡೂದಿಲ್ಲ. ಡಿಸ್ಕಿನ ಮೊದಲನೇ ಸೆಕ್ಟರಿನಿಂದ ಕಡೀತನಕ ಇದ್ದದ್ದನ್ನ ಇದ್ದಂಗ ನಕಲು ಮಾಡ್ತದ. ವಿಂಡೋಸಿನ ಕಾಪಿ ಕೆಟ್ಟ ಜಾಗಾ ಬಂದ್ರ ಅಲ್ಲೇ ಹಟ ಹಿಡೀತದ, ಒಂದೇ ಸೆಕ್ಟರನ್ನ ಮತ್ತ ಮತ್ತ ಓದ್ರಿ ಓದ್ರಿ ಅಂತ ಹೆಡ್ಡನ್ನ ಕೊಲ್ತದ. ಇದು ಹಂಗಲ್ಲ. ಕೆಟ್ಟದ್ದು ಸಿಕ್ತೋ, ಬಿಟ್ಟು ಮುಂದ ಜಿಗೀತದ. ಚಲೋ ಇದ್ದದ್ದೆಲ್ಲಾ ಮೊದಲ ಎತ್ತಿಡ್ತದ. ಆಮ್ಯಾಲ ತಿರುಗಿ ಬಂದು ಬಿಟ್ಟ ಜಾಗಾನ ಆ ಕಡಿಂದ ಓದಿ ನೋಡ್ತದ, ಅಂಚು ಅಂಚು ಸವರ್ತದ. ಎಲ್ಲಿ ಓದಾಗ್ಯದ, ಎಲ್ಲಿ ಬಾಕಿ ಅಂತ ಒಂದು ಕಡತದಾಗ ಬರಕೋತ ಹೋಗ್ತದ. ಕರೆಂಟ್ ಹೋದ್ರ ನಾಳಿಗೆ ಬಿಟ್ಟಲ್ಲಿಂದೇ ಸುರು. ಮುಗದ ಮ್ಯಾಲ ಹುಡುಕೂದು, ಜೋಡಸೂದು ಎಲ್ಲಾ ಆ ನಕಲಿನ ಮ್ಯಾಲ. ನಿಮ್ಮ ಡಿಸ್ಕಿಗೆ ವಿಶ್ರಾಂತಿ.

ಗುರುಜಿ: ಎಷ್ಟು ಹೊತ್ತಾಗ್ತದ?

ಅಂಗಡಿಯವ: ಆರೋಗ್ಯವಂತ ಆಗಿದ್ರ ಒಂದು ಟಿಬಿ ಮೂರು ತಾಸಿನ್ಯಾಗ ಮುಗೀತಿತ್ತು. ಇದಕ್ಕ ಮೂರು ದಿನ ಹಿಡೀಬಹುದು, ವಾರ ಹಿಡೀಬಹುದು. ದಿನಾ ಫೋನ್ ಮಾಡಬ್ಯಾಡ್ರಿ. ನಡುವ ಟಿಕ್ ಟಿಕ್ ಸುರುವಾದ್ರ ನಾ ನಿಲ್ಲಸ್ತೀನಿ. ಆವಾಗ ನಿಮ್ಮ ಮುಂದ ಎರಡೇ ದಾರಿ. ಬಂದಷ್ಟಕ್ಕ ಸಾಕು ಅನ್ನೂದು, ಇಲ್ಲಾ ಪುಣೆ-ಮುಂಬೈ-ಬೆಂಗಳೂರು ಕಡೆ ಸ್ವಚ್ಛ ಖೋಲಿ ಇದ್ದ ಲ್ಯಾಬಿಗೆ ಕಳಸೂದು. ಅವ್ರು ಇದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಹೆಡ್ಡು ತಗದು ಇದಕ್ಕ ಕೂಡಸ್ತಾರ. ಖರ್ಚು ಹತ್ತಾರು ಸಾವಿರದಾಗ. ಅಲ್ಲಿಗೆ ಕಳಸೂದೇ ಅಂದ್ರ ಈಗಲೇ ಹೇಳ್ರಿ, ನಾ ಮುಟ್ಟೂದಿಲ್ಲ. ನನ್ನಂಥಾವ ಕೈಯಾಡಿಸಿ ಕೆಡಿಸಿದ ಮ್ಯಾಲ ಕಳಿಸಿದ್ರ ಅವ್ರಿಗೂ ಹಾದಿ ಸಿಗೂದಿಲ್ಲ. ನಿಮ್ಮದು ಇನ್ನೂ ಓದ್ಲಾಕತ್ತದ, ಅದಕ್ಕ ನಕಲು ತಗದು ನೋಡೂಣು ಅಂತೀನಿ.

ಗುರುಜಿ: ಹಾಡಿನ ನಡುವ ತೂತು ಬಿದ್ರ?

ಅಂಗಡಿಯವ: ಅದಕ್ಕ ನೀವು ಯಾವ ನಮೂನ್ಯಾಗ ಇಟ್ಟೀರಿ ಅನ್ನೂದರ ಮ್ಯಾಲ. ವೇವ್ ಫೈಲೋ, ಎಂಪಿ3ಯೋ?

ಗುರುಜಿ: ಕ್ಯಾಸೆಟ್ಟಿನಿಂದ ತಗದವು ವೇವ್. ಮೊಬೈಲಿನವು ಎಂಪಿ3. ಕೆಲವು ಜಾಗಾ ಉಳೀಲಿ ಅಂತ ಜಿಪ್ ಮಾಡಿ ಕಟ್ಟಿಟ್ಟೀನಿ.

ಅಂಗಡಿಯವ: ಸಿ.ಡಿ. ದರ್ಜಾದ ವೇವಿನ್ಯಾಗ ಒಂದು ಸೆಕೆಂಡಿಗೆ 1,76,400 ಬೈಟ್. ಡಿಸ್ಕಿನ ಒಂದು ಸೆಕ್ಟರ್ 4096 ಬೈಟ್. ಒಂದು ಸೆಕ್ಟರ್ ಹೋದ್ರ ಹಾಡಿನ್ಯಾಗ ಸೆಕೆಂಡಿನ ನಲವತ್ಮೂರನೇ ಒಂದು ಪಾಲು ಹೋತು. ಡೊಳ್ಳಿನ ಸಪ್ಪಳದಾಗ ನಿಮಗ ಗೊತ್ತೂ ಆಗೂದಿಲ್ಲ. ಎಂಪಿ3 ಸಾದಾ ದರ್ಜಾದ್ದಾದ್ರ ಅದೇ ಒಂದು ಸೆಕ್ಟರಿಗೆ ಕಾಲು ಸೆಕೆಂಡ್ ಹೋಗ್ತದ, ಒಂದು ಅಕ್ಷರ ನುಂಗಿದಂಗ ಕೇಳಸ್ತದ. ಹಾಡು ಉಳೀತದ. ಜಿಪ್ ಹಂಗಲ್ಲ. ಅದರಾಗ ಒಂದು ಕಡೆ ಪೆಟ್ಟು ಬಿದ್ರ ಆ ಫೈಲಿನ ಉಳಿದದ್ದೆಲ್ಲಾ ಗಂಟಾಗಿ ಕೂಡ್ತದ. ಫೋಟೋ ಇದ್ರ ಪೆಟ್ಟು ಬಿದ್ದಲ್ಲಿಂದ ಕೆಳಗ ಬೂದಿ ಬಣ್ಣ. ಮಾರಿ ಉಳದು ಮೈ ಹೋಗ್ತದ. ಎಲ್ಲಾಕ್ಕಿಂತ ಕೆಟ್ಟದ್ದಂದ್ರ ಫೈಲಿನ ಹೆಸರು ಬರದಿಟ್ಟ ಜಾಗಾಕ್ಕೇ ಪೆಟ್ಟು ಬೀಳೂದು. ಆವಾಗ ಹಾಡು ಸಿಗ್ತಾವ, ಹೆಸರು ಸಿಗೂದಿಲ್ಲ. ‘ಎಫ್ 001’, ‘ಎಫ್ 002’ ಅಂತ ಸಾವಿರ ಫೈಲ್. ಯಾರ ಹಾಡು, ಯಾವ ಊರು, ನೀವೇ ಕೂತು ಕೇಳಿ ಗುರ್ತು ಹಿಡೀಬೇಕು.

ಗುರುಜಿ: ದನಿ ಕೇಳಿದ್ರ ನಾ ಗುರ್ತು ಹಿಡೀತೀನಿ. ಪದದ ಪೈಲಾ ಸೊಲ್ಲಿಗೇ ಊರು ಹೇಳ್ತೀನಿ.

ಅಂಗಡಿಯವ: ನೀವು ಇರೂತನಕ ಆತದು. ಇಟ್ಟ ಹಾಡಿನ ಸುರುವಿಗೇ ಹಾಡಿದವ್ರ ಹೆಸರು, ಊರು, ತಾರೀಖು ಬಾಯಿಲೇ ಹೇಳಿಸಿ ಮುದ್ರಿಸಿದ್ರ ಫೈಲಿನ ಹೆಸರು ಅಳಸಿದ್ರೂ ನಡೀತಿತ್ತು. ಇನ್ನೊಂದು. ನುಡಿಯೊಳಗ ಟೈಪ್ ಮಾಡೀನಿ ಅಂದ್ರಿ. ಹಳೇ ನುಡಿಯೇನು, ಯುನಿಕೋಡೇನು?

ಗುರುಜಿ: ಹಳೇದು. ಶಾಲ್ಯಾಗ ಕಲಿಸಿದ್ದು ಅದೇ.

ಅಂಗಡಿಯವ: ಹಂಗಾದ್ರ ಫೈಲ್ ಪೂರಾ ಬಂದ್ರೂ ಕೆಲಸ ಮುಗೀಲಿಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ಅದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ನಮ್ಮಲ್ಲಿ ಮರಾಠಿ ಪ್ರೆಸ್ಸಿನವ್ರಿಗೂ ಇದೇ ಗೋಳದ, ಹಳೇ ಶ್ರೀಲಿಪಿ ಫೈಲ್ ಹಿಡಕೊಂಡು ಬರ್ತಾರ. ಬಂದ ಕೂಡಲೇ ಎಲ್ಲಾ ಯುನಿಕೋಡಿಗೆ ಬದಲಿಸ್ರಿ, ಬದಲಿಸೂ ಸಾಧನ ಫುಕಟ್ ಸಿಗ್ತಾವ. ಒತ್ತಕ್ಷರ ಅಲ್ಲಲ್ಲಿ ತಪ್ಪತಾವ, ಕಣ್ಣಾಡಿಸಬೇಕು.

ಗುರುಜಿ: ಕ್ಯಾಸೆಟ್ಟೇ ಚಲೋ ಇದ್ದವು. ಬೂಜು ಹತ್ತಿದ್ರೂ ಪೆನ್ಸಿಲಿಲೇ ತಿರುವಿ ಹಾಕಿದ್ರ ಗರ ಗರ ಅಂತ ಹಾಡ್ತಿದ್ದು.

ಅಂಗಡಿಯವ: ಇಟ್ಟೀರೇನು ಅವನ್ನ?

ಗುರುಜಿ: ಅಟ್ಟದ ಮ್ಯಾಲ ಒಂದು ಟ್ರಂಕ್ ಅದ. ಎಲ್ಲಾ ಇದ್ದಂಗಿಲ್ಲ.

ಅಂಗಡಿಯವ: ಇವತ್ತೇ ಮನೀಗೆ ಫೋನ್ ಮಾಡ್ರಿ, ಭಂಗಾರದವನಿಗೆ ಹಾಕಬ್ಯಾಡ್ರಿ ಅಂತ. ಟ್ರಂಕ್ ಕೆಳಗಿಳಿಸಿ ಅಯಸ್ಕಾಂತ, ಸ್ಪೀಕರ್ ಇದ್ದಲ್ಲಿಂದ ದೂರ ಇಡ್ರಿ. ಡಿಸ್ಕ್ ಕೈ ಕೊಟ್ರ ಅರ್ಧ ಸಂಗ್ರಹಕ್ಕ ಅವೇ ಮೂಲ. ನಮ್ಮಪ್ಪ ಚಾದರ ಕಾರಖಾನ್ಯಾಗ ಇದ್ದ. ಜಕಾರ್ಡ್ ಮಗ್ಗದ ಮ್ಯಾಲ ತೂತು ಹೊಡದ ರಟ್ಟಿನ ಪಟ್ಟಿ ತೂಗ್ತಿದ್ದು, ಒಂದು ಪಟ್ಟಿಗೆ ನೇಯ್ಗಿಯ ಒಂದು ಸಾಲು. ಒಂದು ಪಟ್ಟಿ ಹರದ್ರ ಚಾದರದ ನವಿಲಿನ ಕೊಳ್ಳಾಗ ಗೆರಿ ಬರ್ತಿತ್ತು, ಕಣ್ಣಿಗೇ ಕಾಣ್ತಿತ್ತು. ಆ ಒಂದು ಪಟ್ಟಿ ಹೊಸಾದು ಹೊಡೀತಿದ್ರು. ಈಗ ಡಿಸೈನ್ ಕಂಪ್ಯೂಟರಿನ್ಯಾಗ. ಡಿಸ್ಕ್ ಕೆಟ್ಟಿತು ಅಂತ ಡಿಸೈನಿನವ್ರು ಬರ್ತಾರ, ಹಳೇ ರಟ್ಟು ಎಲ್ಲಿ ಅಂದ್ರ ಒಲೀಗೆ ಹಾಕಿದ್ವಿ ಅಂತಾರ.

ಗುರುಜಿ: ಅದಕ್ಕೇ ಈಗ ಎಲ್ಲಾರೂ ಗೂಗಲ್ಲಿನ್ಯಾಗ ಇಡ್ರಿ, ಯೂಟ್ಯೂಬಿನ್ಯಾಗ ಹಾಕ್ರಿ ಅಂತಾರ. ಅಲ್ಲಿ ಕೆಡೂದೇ ಇಲ್ಲಂತ.

ಅಂಗಡಿಯವ: ಇಡ್ರಿ, ಬ್ಯಾಡನ್ನೂದಿಲ್ಲ. ಅದೊಂದನ್ನೇ ನಂಬಬ್ಯಾಡ್ರಿ. ಮೈಸ್ಪೇಸ್ ಅಂತ ಒಂದಿತ್ತು, ಜಗತ್ತಿನ ಹಾಡುಗಾರರೆಲ್ಲಾ ಅಲ್ಲೇ ಹಾಡು ಇಡ್ತಿದ್ರು. ಸರ್ವರ್ ಬದಲಿ ಮಾಡೂವಾಗ 2003ರಿಂದ 2015ರತನಕ ಮಂದಿ ಹಾಕಿದ್ದೆಲ್ಲಾ ಹೋತು ಅಂತ 2019ರಾಗ ಹೇಳಿ ಕೈ ತೊಳಕೊಂಡ್ರು. ಮೂಲ ಮನ್ಯಾಗ ಇಟ್ಟವರು ಬಚಾವಾದ್ರು. ಛಾಯಾಚಿತ್ರಗಾರ ಪೀಟರ್ ಕ್ರೋ ಅನ್ನಾವ ಒಂದು ಲೆಕ್ಕ ಹೇಳ್ಯಾನ, ಜಗತ್ತಿನ್ಯಾಗ ಅದೇ ನಡೀತದ. ಮೂರು ಪ್ರತಿ, ಎರಡು ಬ್ಯಾರೆ ಬ್ಯಾರೆ ಜಾತಿಯ ಸಾಧನದ ಮ್ಯಾಲ, ಅದರಾಗ ಒಂದು ಬ್ಯಾರೆ ಊರಾಗ.

ಗುರುಜಿ: ಮೂರು ಪ್ರತಿ! ಒಂದು ಕೂಡಿಸೂದಕ್ಕೇ ನನ್ನ ನೌಕರಿ ಮುಗೀತು. ನಿನಗ ಗೊತ್ತದೇನು, ಅತ್ತ ಕರ್ನಾಟಕದವ್ರಿಗೆ ನಾವು ಗಡಿ ಆಚೆ, ಇತ್ತ ಮಹಾರಾಷ್ಟ್ರದವ್ರಿಗೆ ನಮ್ಮ ಹಾಡು ತಿಳಿಯೂದಿಲ್ಲ. ಸೋಲಾಪುರದ ಜಯದೇವಿತಾಯಿ ಲಿಗಾಡೆಯವ್ರು 1974ರಾಗ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದ್ರು, ಆ ಗಾದಿಗೆ ಕೂತ ಪೈಲಾ ಹೆಣ್ಣುಮಗಳು. ಆವಾಗ ಬೆಂಗಳೂರು ಮೈಸೂರಿನವ್ರಿಗೆ ಒಮ್ಮೆ ನೆನಪಾದ್ವಿ. ಬೀಸೂ ಕಲ್ಲಿನ ಮುಂದಿನ ಹಾಡು ಕೇಳ್ಲಾಕ ಇಲ್ಲಿಗೆ ಯಾರು ಬರ್ತಾರ? ನಾ ಕೂಡಿಸಿದ್ದಕ್ಕ ಇಷ್ಟರೆ ಉಳದದ.

ಅಂಗಡಿಯವ: ಉಳದದ ಅನ್ನೂದು ನಾಕು ದಿನ ಆದ ಮ್ಯಾಲ ಹೇಳೂಣು.

ಗುರುಜಿ: ಹಳಕಟ್ಟಿಯವ್ರನ್ನ ನೆನಪು ಮಾಡ್ಕೋ. ವಿಜಯಪುರದ ವಕೀಲ್ರು. ಮನಿ ಮನಿ, ಮಠ ಮಠ ತಿರುಗಿ ತಾಡೋಲೆ ಕೂಡಿಸಿದ್ರು. 1923ರಾಗ ವಚನಶಾಸ್ತ್ರಸಾರ ಹೊರಗ ಬಂತು. ಛಾಪಖಾನಿಗೆ ರೊಕ್ಕ ಸಾಲದೆ ಇದ್ದ ಮನಿ ಮಾರಿದ್ರು. 1925ರಾಗ ಹಿತಚಿಂತಕ ಛಾಪಖಾನಿ, ಮರುವರ್ಷ ಶಿವಾನುಭವ ಪತ್ರಿಕಾ. ಒಬ್ಬ ಮನಷ್ಯಾ ಹಟ ಹಿಡದ್ರ ಆಗ್ತದ.

ಅಂಗಡಿಯವ: ನನಗೊಂದು ಹೇಳ್ರಿ ಗುರುಜಿ. ಹನ್ನೆರಡನೇ ಶತಮಾನದ ವಚನ ಹಳಕಟ್ಟಿಯವ್ರ ಕೈಗೆ ಸಿಗೂತನಕ ಉಳದದ್ದು ಹೆಂಗ?

ಗುರುಜಿ: ಕಲ್ಯಾಣದ ಗದ್ದಲ ಆದ ಮ್ಯಾಲ ಶರಣರು ಚದುರಿದ್ರು, ಕಟ್ಟುಗಳೂ ಚದುರಿದ್ವು. ಆಮ್ಯಾಲಿನವ್ರು ಪ್ರತಿ ಮಾಡಿಕೊಂಡ್ರು. ಒಂದು ಮಠದಾಗಿಂದ ಇನ್ನೊಂದು ಮಠ, ಒಂದು ಮನ್ಯಾಗಿಂದ ಇನ್ನೊಂದು ಮನಿ. ಒಂದು ಕಟ್ಟಿಗೆ ಹುಳ ಹತ್ತಿದ್ರ ಇನ್ನೊಂದು ಊರಾಗ ಅದೇ ವಚನ ಸಿಗ್ತಿತ್ತು. ನಮ್ಮ ಸೊನ್ನಲಿಗೆ ಸಿದ್ಧರಾಮನ ವಚನ ಸುದ್ಧಾ ಹಂಗೇ ಬಂದವು.

ಅಂಗಡಿಯವ: ಅಂದ್ರ ಹಳಕಟ್ಟಿಯವ್ರಿಗೆ ಸಿಕ್ಕಿದ್ದು ಯಾಕಂದ್ರ ಮೊದಲಿನವ್ರು ಒಂದೇ ಕಟ್ಟು ಇಟ್ಟುಕೊಂಡು ಕೂಡ್ಲಿಲ್ಲ. ಸಿಕ್ಕ ಮ್ಯಾಲ ಹಳಕಟ್ಟಿಯವ್ರೂ ಮನ್ಯಾಗ ಇಟ್ಟುಕೊಳ್ಳಲಿಲ್ಲ, ಛಾಪಿಸಿ ಊರಿಗೆ ಹಂಚಿದ್ರು. ಮನಿ ಮಾರಿದ್ದು ಹಂಚ್ಲಾಕ ಅಲ್ಲೇನು?

ಗುರುಜಿ: ಮಾತಿನ್ಯಾಗ ಹಿಡದಿ ನೋಡು.

ಅಂಗಡಿಯವ: ಸಿಟ್ಟಾಗಬ್ಯಾಡ್ರಿ. ಹಾಡಿದ ಹೆಣ್ಣುಮಕ್ಕಳಿಗೆ ಅವ್ರ ಹಾಡು ಕೊಟ್ಟೀರೇನು?

ಗುರುಜಿ: ಆವಾಗೇ ತಿರುವಿ ಕೇಳಸ್ತಿದ್ದೆ, ಸೆರಗು ಬಾಯಿಗೆ ಹಿಡದು ನಗ್ತಿದ್ರು. ಪ್ರತಿ ಕೊಟ್ಟಿಲ್ಲ. ಯಾಕಂದ್ರ ಕೊಟ್ರ ಮರುದಿನ ಯಾವನೋ ಹುಡುಗ ಅದನ್ನ ಯೂಟ್ಯೂಬಿಗೆ ಹಾಕಿ, ಕೆಳಗ ಕೀಬೋರ್ಡ್ ಬಾರಿಸಿ, ತನ್ನ ಹೆಸರು ಬರಕೊಂತಾನ. ಪುಸ್ತಕ ಬಂದ ಮ್ಯಾಲ ಕೊಡೂಣು ಅಂತಿದ್ದೆ. ಇದು ತಪ್ಪೇನು? ಕದಿಯೂವ್ರು ಇರೂ ಕಾಲದಾಗ ಕೀಲಿ ಹಾಕೂದು ತಪ್ಪಲ್ಲ.

ಅಂಗಡಿಯವ: ಕದ್ದವ ಹಾಡನ್ನ ಕೆಡಸಬಹುದು, ಕಳೀಲಾರ. ಹತ್ತು ಮಂದಿ ಮೊಬೈಲಿನ್ಯಾಗ ಕೀಬೋರ್ಡ್ ಇಲ್ಲದ ಅಸಲಿ ಹಾಡು ಇದ್ರ ಅವನ ಸುಳ್ಳೂ ಸಿಕ್ಕಿ ಬೀಳ್ತದ. ನಿಮ್ಮ ಕೀಲಿ ಕಳ್ಳನಿಗೆ ಹಾಕಿದ್ದು, ಆದ್ರ ಡಿಸ್ಕಿಗೆ ಕಳ್ಳ ಹೊರಗಿಂದ ಬರೂದಿಲ್ಲ. ಈ ಧಂದ್ಯಾದಾಗ ಇದ್ದು ನಾ ನೋಡಿದ್ದು, ಅಸಲಿ ಕಾಯ್ದಿಟ್ಟವರದ್ದೇ ಹೋಗೂದು, ವಾಟ್ಸಪ್ಪಿನ್ಯಾಗ ಎಲ್ಲಾರಿಗೂ ಕಳಿಸಿ ಪೀಡಾ ಕೊಟ್ಟವರದ್ದು ಎಲ್ಲಿಂದರೇ ತಿರುಗಿ ಸಿಗ್ತದ. ದರ್ಜಾ ಕಮ್ಮಿ ಆಗಿರ್ತದ, ಅದು ಬ್ಯಾರೆ ಮಾತು.

ಗುರುಜಿ: ಒಬ್ಬಾಕೀ ಹಾಡು ಮಾತ್ರ ಅವಳ ಮಗ ಹಟ ಮಾಡಿ ಮೊಬೈಲಿಗೆ ಹಾಕಿಸಿಕೊಂಡ. ಅವ ಈಗ ಪುಣೆದಾಗ ಗಾಡಿ ಹೊಡೀತಾನ.

ಅಂಗಡಿಯವ: ಹಂಗಾದ್ರ ಇವತ್ತಿಗೆ ಖಾತ್ರಿ ಇದ್ದ ಹಾಡು ಅದೊಂದೇ. ಅವನಿಗೆ ಫೋನ್ ಹಚ್ಚಿ, ಅಳಸಬ್ಯಾಡ ಅಂತ ಹೇಳ್ರಿ.

ಗುರುಜಿ: ಆತು. ಖರ್ಚು ಏನಾಗ್ತದ, ಅದನ್ನ ಹೇಳು.

ಅಂಗಡಿಯವ: ಎರಡು ಟಿಬಿಯ ಎರಡು ಹೊಸಾ ಡಿಸ್ಕ್ ಬೇಕು. ಎರಡೂ ಒಂದೇ ಕಂಪನಿ, ಒಂದೇ ದಿನದ್ದು ತರಬ್ಯಾಡ್ರಿ. ಒಂದೇ ಘಾಣದ ಮಾಲಿಗೆ ರೋಗ ಬಂದ್ರ ಒಮ್ಮೆಲೇ ಬರ್ತದ. ಒಂದರ ಮ್ಯಾಲ ನಾ ನಕಲು ತಗದು ಫೈಲ್ ಜೋಡಸ್ತೀನಿ. ಎರಡನೇದರ ಮ್ಯಾಲ ಜೋಡಿಸಿದ್ದರ ಪ್ರತಿ. ಒಂದು ಅಕ್ಕಲಕೋಟದಾಗ ನಿಮ್ಮ ಮನ್ಯಾಗ ಇರಲಿ, ಇನ್ನೊಂದು ನಿಮ್ಮ ಮಗಳು ಕಲಬುರಗ್ಯಾಗ ಅದಾಳಲ್ಲ, ಅಲ್ಲಿರಲಿ. ಆರು ತಿಂಗಳಿಗೊಮ್ಮೆ ಹಚ್ಚಿ, ನಾಕು ಹಾಡು ಖರೇನ ಕೇಳಿ ನೋಡ್ರಿ. ಫೋಲ್ಡರ್ ಕಂಡಿತು ಅಂದ್ರ ಸಾಲೂದಿಲ್ಲ. ಪೆನ್‌ಡ್ರೈವ್ ಮ್ಯಾಲ ವರ್ಷಗಟ್ಲೆ ಭರವಸಿ ಬ್ಯಾಡ, ಎಸ್‌ಎಸ್‌ಡಿ ತಂದು ಕರೆಂಟ್ ಇಲ್ಲದೆ ಕಪಾಟಿನ್ಯಾಗ ಇಡೂದೂ ಬ್ಯಾಡ; ಅದು ಸಾಯೂವಾಗ ಸಪ್ಪಳಾನೂ ಮಾಡೂದಿಲ್ಲ. ಪೈಲಾ ಯಾವ ಫೋಲ್ಡರ್ ಬೇಕು ಅಂತ ಒಂದು ಕಾಗದದ ಮ್ಯಾಲ ಬರಕೊಡ್ರಿ. ಯಾರು ಈಗಿಲ್ಲ, ಯಾರ ಹಾಡಿಗೆ ಕ್ಯಾಸೆಟ್ ಇಲ್ಲ, ಅವು ಮೊದಲ. ನಕಲಿನ್ಯಾಗ ಅವನ್ನೇ ಮೊದಲ ಹುಡುಕ್ತೀನಿ.

ಗುರುಜಿ: ನಿನ್ನ ಕೂಲಿ?

ಅಂಗಡಿಯವ: ಹಾಡು ಬಂದ್ರ ತಗೋತೀನಿ, ಬರ್ಲಿಲ್ಲಂದ್ರ ಇಲ್ಲ. ಡಿಸ್ಕಿನ ರೊಕ್ಕ ಮಾತ್ರ ಈಗ ಕೊಡಬೇಕು. ಮತ್ತ ನಕಲು ಕೈಗೆ ಬಂದ ವಾರದಾಗ ಹಾಡಿದವ್ರ ಮನಿ ಮನೀಗೆ ಅವ್ರವ್ರ ಹಾಡು ಮುಟ್ಟಸ್ರಿ. ಪುಸ್ತಕ ಯಾವಾಗರೇ ಬರಲಿ.